ನೀಲಿ ಚಿಮ್ಮಿದ ಕಾರಂಜಿ

ನಮ್ಮ ಓಣಿಯ ನಲ್ಲಿಗೆ ಮನಸ್ಸು ಬಂದರೆ ನೀರು, ಇಲ್ಲದಿದ್ದರೆ ಬರೀ ಗಾಳಿ. ಅಂಥ ದಿನ ಬಟ್ಟೆಗೆ ಬಣ್ಣ ಹಾಕುವ ನಮ್ಮ ಬಣ್ಣದಕ್ಕನಿಗೆ ಕೈಕಾಲು ಆಡುವುದಿಲ್ಲ. ಬಣ್ಣದಲ್ಲಿ ಅದ್ದಿದ ಬಟ್ಟೆಯನ್ನು ಹೊತ್ತಿಗೆ ಸರಿಯಾಗಿ ಜಾಲಿಸದಿದ್ದರೆ ಕಲೆ ಕಟ್ಟಿ ಕೆಡುತ್ತದೆ.

ಓಣಿ ದಾಟಿದರೆ ಚೌಕ. ಅಲ್ಲೊಂದು ಹೊಸ ಕಾರಂಜಿ. ಅದಕ್ಕೆ ಕಟ್ಟೆಯೂ ಇಲ್ಲ, ಕೊಳವೂ ಇಲ್ಲ. ಕಲ್ಲುಹಾಸಿನ ಸಂದಿಯಿಂದಲೇ ನೀರು ಏಳುತ್ತದೆ. ಕಲ್ಲು ತುಳಿದರೆ ಮೊಣಕಾಲೆತ್ತರ, ಕುಣಿದರೆ ಆಳೆತ್ತರ. ಬಣ್ಣದಕ್ಕನ ಮೊಮ್ಮಗಳು ಚುಕ್ಕಿಗೆ ಕಿವಿ ಕೇಳಿಸದು. ಕರೆದರೆ ತಿರುಗದ ಹುಡುಗಿಯನ್ನು ಯಾರೂ ಆಟಕ್ಕೆ ಸೇರಿಸುತ್ತಿರಲಿಲ್ಲ. ಕಾರಂಜಿ ಮಾತ್ರ ಅವಳು ಕಾಲಿಟ್ಟ ಕೂಡಲೇ ಓಗೊಡುತ್ತಿತ್ತು. ಅವಳ ಕುಣಿತ ಕಂಡು ಉಳಿದ ಮಕ್ಕಳೂ ಅವಳ ಹೆಜ್ಜೆಗೆ ಹೆಜ್ಜೆ ಹಾಕತೊಡಗಿದರು.

ಒಂದು ಬೆಳಗಿನ ಜಾವ ನಲ್ಲಿ ಕೈಕೊಟ್ಟಿತು. ಬಣ್ಣದಕ್ಕ ನೀಲಿ ಬಟ್ಟೆಯ ಗಂಟು ಹೊತ್ತು ಚೌಕಕ್ಕೆ ಬಂದಳು. ಕಲ್ಲು ತುಳಿದು, ಎದ್ದ ನೀರಿಗೆ ಬಟ್ಟೆ ಹಿಡಿದಳು. ನೀಲಿ ಸಂದಿಗಿಳಿದು ಮಾಯವಾಯಿತು. ‘ಹರಿದು ಹೋಗೋ ನೀರು, ಯಾರಪ್ಪನ ಗಂಟು ಹೋಯ್ತು’ ಎಂದುಕೊಂಡಳು.

ಬಿಸಿಲೇರಿದಾಗ ಚೌಕವೇ ಕನಸಾಯಿತು. ಮಕ್ಕಳು ತುಳಿದಲ್ಲೆಲ್ಲ ನೀಲಿ ನೀರು! ಆಕಾಶ ನೆಲದಿಂದ ಮೊಳೆತು ಬರುವಂತಿತ್ತು. ಚುಕ್ಕಿ ಅದಕ್ಕೆ ಮುಖವೊಡ್ಡಿ ನಿಂತಳು. ಆಮೇಲೆ ಕಣ್ಣು ಉಜ್ಜಿಕೊಂಡು ಅಳತೊಡಗಿದಳು.

ಕಾರಂಜಿ ನೋಡಿಕೊಳ್ಳುವ ಹೆಂಗಸು ಓಡಿಬಂದು ನೀರು ನಿಲ್ಲಿಸಿದಳು. ಒಳ್ಳೆ ನೀರಿನಿಂದ ಮಗುವಿನ ಕಣ್ಣು ತೊಳೆದು ಆಸ್ಪತ್ರೆಗೆ ಕಳಿಸಿದಳು. ಕಣ್ಣು ಉಳಿಯಿತು. ಸಂಜೆ ಬಣ್ಣದಕ್ಕ ಮತ್ತೆ ಚೌಕಕ್ಕೆ ಬಂದಳು.

“ಅಕ್ಕಾ, ನಿಮ್ಮ ಕೈ ತೋರಿಸಿ,” ಎಂದಳು ಕಾರಂಜಿ ನೋಡಿಕೊಳ್ಳುವವಳು.

ಬಣ್ಣದಕ್ಕ ನೀಲಿ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು. “ನಾನು ಜಾಲಿಸಿದ್ದು ಬೆಳಗ್ಗೆ ಕಣೇ! ಆ ನೀರು ಆಗಲೇ ಹೋಯ್ತಲ್ಲ!”

“ಎಲ್ಲಿಗೆ ಹೋಗುತ್ತೆ, ತವರುಮನೆಗಾ? ಈ ಕಲ್ಲಿನ ಕೆಳಗೆ ತೊಟ್ಟಿ ಇದೆ. ಇಳಿದ ನೀರೇ ಮತ್ತೆ ಮೇಲೆ ಬರೋದು.”

“ಸೋಸ್ತೀರಲ್ಲ?”

“ಕಸಕಡ್ಡಿ ಸೋಸ್ತೀವಿ, ಔಷಧಿನೂ ಹಾಕ್ತೀವಿ. ಬಣ್ಣ, ಸೋಪು, ಎಣ್ಣೆ ಅದಕ್ಕೆಲ್ಲ ಜಗ್ಗಲ್ಲ. ನೀವು ಬಿಟ್ಟಿದ್ದೇ ನಿಮ್ಮ ಕೂಸಿನ ಕಣ್ಣಿಗೆ ಬಂತು.”

ಬಣ್ಣದಕ್ಕ ತಲೆ ತಗ್ಗಿಸಿದಳು. “ಇನ್ನು ಮುಚ್ಚಿಬಿಡ್ತಾರಾ? ಚುಕ್ಕಿಗೆ ಇದು ಬಿಟ್ರೆ ಬೇರೆ ಆಟವೇ ಇಲ್ಲ ಕಣೇ.”

“ಹೀಗೇ ಆಗ್ತಿದ್ರೆ ಮುಚ್ಚದೆ ಇನ್ನೇನು? ಈಗ ತೊಟ್ಟಿ ಖಾಲಿ ಮಾಡಿ ಉಜ್ಜಬೇಕು.”

“ಬ್ರಶ್ ಇಲ್ಲಿ ಕೊಡು. ಬಣ್ಣ ಬಿಡಿಸೋಕೆ ನನಗಿಂತ ಬೇರೆಯವರು ಬೇಕಾ?”

ಅವಳು ತೊಟ್ಟಿಗಿಳಿದಳು. ನೆತ್ತಿಯ ಮೇಲಿನ ಕಲ್ಲುಸಂದಿಗಳಿಂದ ಬೆಳಕು ಎಳೆ ಎಳೆಯಾಗಿ ಇಳಿಯುತ್ತಿತ್ತು. ಮೇಲೆ ಯಾರೋ ನಡೆದರೆ ಎಳೆ ಕಡಿದು ಮತ್ತೆ ಕೂಡುತ್ತಿತ್ತು. ‘ಇಷ್ಟು ದಿನ ಮಗು ಕುಣಿದದ್ದು ಇದರ ಮೇಲೆಯೇ’ ಎಂದುಕೊಳ್ಳುತ್ತ ಮೂಲೆ ಮೂಲೆ ಉಜ್ಜಿದಳು.

ಕಾರಂಜಿ ಮತ್ತೆ ಶುರುವಾದ ದಿನ ಚುಕ್ಕಿ ಅಜ್ಜಿಯ ಕೈ ಹಿಡಿದೆಳೆದಳು. “ಅಯ್ಯೋ, ಈ ವಯಸ್ಸಿಗೆ ನನಗ್ಯಾಕೇ ಇದು!” ಎನ್ನುತ್ತಲೇ ಬಣ್ಣದಕ್ಕ ಕಲ್ಲು ತುಳಿದು ಕುಣಿದಳು. ಬಣ್ಣವೇ ಇಲ್ಲದ ನೀರು ಎದ್ದು ಅವಳ ಗಲ್ಲ ಮುಟ್ಟಿತು. ಈಗವಳು ಮನೆಯ ಡ್ರಮ್ಮಿಗೆ ಜಾಲಿಸುವ ನೀರು ತುಂಬಿಟ್ಟ ಮೇಲೆಯೇ ಬಟ್ಟೆಯನ್ನು ಬಣ್ಣಕ್ಕೆ ಅದ್ದುತ್ತಾಳೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಾರಂಜಿಯಲ್ಲಿ ಮನಸಾರೆ ಆಡಿ. ಅಲ್ಲಿ ಬಟ್ಟೆ, ಪಾತ್ರೆ ತೊಳೆಯಬೇಡಿ. ಆ ನೀರು ಕುಡಿಯಬೇಡಿ. ಭೇದಿಯಾಗುತ್ತಿರುವ ಮಗುವನ್ನು ಅಲ್ಲಿಗೆ ಬಿಡಬೇಡಿ, ಅದರ ರೋಗ ನೀರಿನೊಂದಿಗೆ ಉಳಿದ ಮಕ್ಕಳಿಗೂ ಹರಡುತ್ತದೆ. ಕಲ್ಲಿನೊಳಗೆ ಇಳಿದ ನೀರು ಎಲ್ಲಿಗೂ ಹೋಗಿಲ್ಲ. ಯಾವುದೋ ಮಗುವಿನ ಹೆಜ್ಜೆಗೆ ಓಗೊಡಲು ಅಲ್ಲೇ ಕಾದು ಕೂತಿದೆ.