ಡಿ ಎಂಬ ಖಾಲಿ ಮನೆ

ನಾನು ಒಂದು ಹಾರ್ಡ್ ಡಿಸ್ಕ್. ಎರಡು ಟೆರಾಬೈಟಿನ ದೊಡ್ಡ ಜೀವ. ದೂಳಿನ ಕಣವೂ ಸುಳಿಯದ ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಕೈಗಳು ನನ್ನ ತಟ್ಟೆಗಳನ್ನು ಕನ್ನಡಿಯಂತೆ ಉಜ್ಜಿ ಜೋಡಿಸಿದವು. ಅಷ್ಟು ಜೋಪಾನವಾಗಿ ಹುಟ್ಟಿದ ನಾನು ಬಂದು ಬಿದ್ದದ್ದು ಗದಗಿನ ಮೌನೇಶನ ಫೋಟೊ ಸ್ಟುಡಿಯೊದಲ್ಲಿ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನನ್ನು ಕಂಪ್ಯೂಟರಿಗೆ ಜೋಡಿಸಿದವನು ರಿಪೇರಿಯ ದಾವಲ್‌ಸಾಬ. ವಿಂಡೋಸ್ ಹಾಕುವ ಮೊದಲು ಅವನು ನನ್ನನ್ನು ಎರಡು ಪಾಲು ಮಾಡಿದ. ಚಿಕ್ಕ ಪಾಲಿಗೆ ಸಿ ಎಂದು ಹೆಸರು, ಉಳಿದ ದೊಡ್ಡ ಪಾಲಿಗೆ ಡಿ.

“ಸಿ ಒಳಗ ವಿಂಡೋಸ್ ಅಷ್ಟ ಇರ್ತೈತ್ರಿ. ಅದು ಕೆಟ್ರ ಸಿ ಅಷ್ಟ ಒರಸಿ ಹೊಸಾದು ಹಾಕ್ತೀನಿ. ನಿಮ್ಮ ಮದುವಿ, ಕುಬಸದ ಫೋಟೊ, ವಿಡಿಯೊ ಎಲ್ಲಾ ಡಿ ಒಳಗ ಇಡ್ರಿ. ಅದಕ್ಕ ಏನೂ ಆಗಂಗಿಲ್ಲ,” ಎಂದ.

“ಆತು ಬಿಡೋ ಮಾರಾಯಾ,” ಎಂದು ಮೌನೇಶ ಕಂಪ್ಯೂಟರಿನ ಡಬ್ಬಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ.

ಕುಂಕುಮ ಹಚ್ಚಿದ್ದೇ ಬಂತು, ಹೇಳಿದ ಮಾತು ಕೇಳಲಿಲ್ಲ. ತಂದದ್ದನ್ನೆಲ್ಲ ಡೆಸ್ಕ್‌ಟಾಪಿನ ಮೇಲೆ ಸುರಿದ. ಕಣ್ಣೆದುರಿಗೇ ಇರಬೇಕಂತೆ! ಪರದೆಯ ಮೇಲಿನ ಬಸವಣ್ಣನ ಚಿತ್ರ ಫೋಲ್ಡರುಗಳ ಹಿಂದೆ ಮುಚ್ಚಿಹೋಯಿತು. ಡೆಸ್ಕ್‌ಟಾಪ್ ಇರುವುದೂ ಸಿ ಒಳಗೇ ಎಂಬುದು ಆ ಮಹಾನುಭಾವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಗರಜೂ ಇರಲಿಲ್ಲ. ಸಿಗೆ ಉಸಿರುಗಟ್ಟುತ್ತಿತ್ತು, ಡಿ ಭಣಭಣ ಎನ್ನುತ್ತಿತ್ತು.

ಡೆಸ್ಕ್‌ಟಾಪಿನ ಆ ರಾಶಿಗೇ ಬಂತು ದ್ಯಾಮವ್ವನ ಹಾಡು. ಮಗಳು ಕಸ್ತೂರಿಯ ಅರಿಷಿಣದ ದಿನ ಅವಳು ಸೋಬಾನೆ ಹಾಡಿದ್ದಳು. ಕ್ಯಾಮೆರಾದ ಮೈಕು ಕೆಟ್ಟಿದ್ದರಿಂದ ಮೌನೇಶ ದನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದು ತಂದಿದ್ದ. ಎಂಥ ದನಿ! ನನ್ನ ತಟ್ಟೆಗಳು ತಿರುಗುವುದು ಇದಕ್ಕಾಗಿಯೇ ಅನ್ನಿಸಿತ್ತು. ಮುಂದೆ ದ್ಯಾಮವ್ವನ ಗಂಟಲಲ್ಲಿ ಗಡ್ಡೆ ಬೆಳೆದು, ಆಪರೇಷನ್ ಆಗಿ, ದನಿಯೇ ಹೋಯಿತು. ಮದುವೆಯ ವಿಡಿಯೊ ಕೇಳಿದರೆ ಮೌನೇಶ ಇನ್ನೂ “ನಾಳೆ ಕೊಡ್ತೀನಿ” ಎನ್ನುತ್ತಲೇ ಇದ್ದ. ರೆಕಾರ್ಡರಿನಲ್ಲಿದ್ದದ್ದನ್ನು ಮುಂದಿನ ಮದುವೆಗೆಂದು ಅಳಿಸಿಯೂ ಆಗಿತ್ತು. ಆ ದನಿ ಉಳಿದದ್ದು ನನ್ನೊಳಗೆ ಮಾತ್ರ.

ಸಿ ತುಂಬಿ ಕಂಪ್ಯೂಟರ್ ಕುಂಟತೊಡಗಿತು. ದಾವಲ್‌ಸಾಬ ಬಂದ, ಕಿವಿಯಲ್ಲಿ ಫೋನು.

“ಸಿ ಒಳಗ ಏನರ ಐತೇನ್ರಿ?”

“ಏನಿಲ್ಲೋ. ಎಲ್ಲಾ ಡೆಸ್ಕ್‌ಟಾಪ್ ಮ್ಯಾಲ ಐತಿ,” ಎಂದ ಮೌನೇಶ.

ಮೊದಲ ಮಾತಿಗೇ ತಲೆಯಾಡಿಸಿ ದಾವಲ್‌ಸಾಬ ಫೋನಿನ ಹರಟೆಗೆ ಮರಳಿದ್ದ. ಎರಡನೆಯ ಮಾತು ಅವನ ಕಿವಿಗೇ ಬೀಳಲಿಲ್ಲ. ನಾನು ಕಟಕಟ ಎಂದು ಸದ್ದು ಮಾಡಿದೆ. ಯಾರಿಗೆ ಬೇಕು? ಸಿ ಒರೆಸಿ ಹೊಸ ವಿಂಡೋಸ್ ಹಾಕಿದ.

ಮರುದಿನ ಪರದೆ ಬೋಳಾಗಿದ್ದನ್ನು ಕಂಡು ಮೌನೇಶ ಬೊಬ್ಬೆ ಹಾಕಿದ. ಆದರೂ ಹಾಡು ಇತ್ತು! ನಮ್ಮಲ್ಲಿ ಒರೆಸುವುದೆಂದರೆ ಬಾಗಿಲ ಮೇಲಿನ ಹೆಸರು ತೆಗೆಯುವುದಷ್ಟೇ. ಹೊಸಬರು ಬಂದು ಕೂರುವ ತನಕ ಒಳಗಿನವರು ಒಳಗೇ ಇರುತ್ತಾರೆ. ಬೊಬ್ಬೆ ಕೇಳಿ ಓಡಿಬಂದ ದಾವಲ್‌ಸಾಬನಿಗೆ ಅದು ಗೊತ್ತಿತ್ತು.

“ಮೌನೇಶಣ್ಣಾ, ಇನ್ನ ಇದನ್ನ ಮುಟ್ಟಬ್ಯಾಡ್ರಿ. ಹುಬ್ಬಳ್ಯಾಗ ಅಳಿಸಿದ್ದನ್ನ ತಗದು ಕೊಡೋರು ಅದಾರ. ನಾಳೆ ಬಂದು ಒಯ್ತೀನಿ.”

ಅವನು ಅತ್ತ ಹೋದದ್ದೇ ತಡ, ಮೌನೇಶ ಅಳಿದದ್ದನ್ನು ಹುಡುಕುವ ದೊಡ್ಡದೊಂದು ಸಾಫ್ಟ್‌ವೇರ್ ಇಳಿಸಿಕೊಂಡ. ಎಲ್ಲಿಗೆ? ಮತ್ತೆ ಡೆಸ್ಕ್‌ಟಾಪಿಗೆ! ಸಿಕ್ಕ ಫೋಟೊ, ವಿಡಿಯೊಗಳನ್ನೂ ಅಲ್ಲಿಗೇ ಸುರಿದ. ಪಕ್ಕದಲ್ಲಿ ಡಿ ಬಾಯಿ ತೆರೆದು ಕೂತಿತ್ತು. ಅವನು ಸುರಿದದ್ದೆಲ್ಲ ಹೋಗಿ ಕೂತದ್ದು ದ್ಯಾಮವ್ವನ ದನಿಯ ಮೇಲೆ.

ತಾಯಿ ಮಗಳು ಬಂದರು. ಚಿತ್ರವಷ್ಟೇ ಉಳಿದಿತ್ತು. ಪರದೆಯ ಮೇಲೆ ದ್ಯಾಮವ್ವ ಅರಿಷಿಣದ ಬಟ್ಟಲು ಹಿಡಿದು ಬಾಯಿ ಆಡಿಸುತ್ತಿದ್ದಳು. ಕೊರಳಿಗೆ ಸೆರಗು ಸುತ್ತಿಕೊಂಡು ಕೂತಿದ್ದ ದ್ಯಾಮವ್ವ ಎದ್ದು ಬಂದು ಸ್ಪೀಕರಿನ ಗುಂಡಿ ತಿರುಗಿಸಿದಳು. ಇನ್ನಷ್ಟು ತಿರುಗಿಸಿದಳು. ಗುಂಡಿ ಕೊನೆ ಮುಟ್ಟಿತು.

“ವೈರ್ ಸಡ್ಲ ಆಗೈತಿ ಯವ್ವಾ, ನಾಳೆ ಬಾ,” ಎಂದ ಮೌನೇಶ.

ನಾಳೆಯಂತೆ! ಕೈಯಿದ್ದಿದ್ದರೆ ಅವನ ಕಪಾಳಕ್ಕೆ ಬಾರಿಸುತ್ತಿದ್ದೆ. ಕಸ್ತೂರಿ ಅವನ ಮುಖ ನೋಡಿದಳು. ಅವಳಿಗೆ ತಿಳಿಯಿತು. “ನಡಿಯವ್ವಾ,” ಎಂದು ತಾಯಿಯ ಕೈಯನ್ನು ಗುಂಡಿಯಿಂದ ಬಿಡಿಸಿ ಕರೆದುಕೊಂಡು ಹೋದಳು.

ಈಗ ನಾನು ದಾವಲ್‌ಸಾಬನ ಅಂಗಡಿಯಲ್ಲಿ, ಕೆಟ್ಟ ಕೀಬೋರ್ಡುಗಳ ಕೆಳಗೆ ಬಿದ್ದಿದ್ದೇನೆ. ತಿರುಗುವುದು ನಿಂತಿದೆ, ಸಿಟ್ಟು ನಿಂತಿಲ್ಲ. ನನ್ನಲ್ಲಿ ಜಾಗ ಸಾಲಲಿಲ್ಲವೆಂದು ಯಾರೂ ಅನ್ನುವಂತಿಲ್ಲ. ದ್ಯಾಮವ್ವನ ಹಾಡು ಇರಬೇಕಾಗಿದ್ದ ಡಿ ಇವತ್ತಿಗೂ ನನ್ನೊಳಗೆ ಖಾಲಿ ಬಿದ್ದಿದೆ.