ಸೀಸದ ನೀರು ಕುಡಿದವಳ ಮರಿ

"ಲೇ ಪರಸವ್ವ, ನಿನ್ನ ಇಟ್ಟಿದ್ದು ಇಲಿ ಹೇಲು ಬಳಿಯಾಕ. ಪ್ರಶ್ನಾ ಕೇಳಾಕಲ್ಲ!"

ಪ್ರೊಫೆಸರ್ ಸುಧೀರ ಬೈದರೂ ಪರಸವ್ವ ಕದಲಲಿಲ್ಲ. ವಿಜಯಪುರದ ಆ ಕಾಲೇಜಿನ ಇಲಿಮನೆಯಲ್ಲಿ ಪಂಜರ ತೊಳೆಯುವವಳು ಅವಳೇ. ಬಸುರಿ ಇಲಿಗಳಲ್ಲಿ ಒಂದು ಸಾಲಿಗೆ ಬರೀ ನೀರು, ಇನ್ನೊಂದಕ್ಕೆ ಸೀಸ ಬೆರೆಸಿದ ನೀರು. ಮರಿಗಳು ಬೆಳೆದ ಮೇಲೆ ತೊಟ್ಟಿಗೆ ಬಿಡುತ್ತಿದ್ದರು. ಬರೀ ನೀರಿನವಳ ಮರಿ ನಾಲ್ಕೇ ದಿನದಲ್ಲಿ ನೀರೊಳಗೆ ಅಡಗಿದ್ದ ಕಟ್ಟೆ ಕಂಡುಕೊಂಡು ಹತ್ತಿ ಕೂರುತ್ತಿತ್ತು. ಸೀಸದವಳ ಮರಿ ತಿಂಗಳಾದರೂ ಅಂಚು ಹಿಡಿದು ಸುತ್ತುತ್ತಿತ್ತು.

"ನಮ್ಮ ಸೊಸಿ ವಿಶಾಖಾ ಐದ ತಿಂಗಳ ಬಸುರಿ ಅದಾಳ್ರಿ. ತಿಕೋಟಾದಾಗ ಹಳೇ ಬ್ಯಾಟರಿ ಒಡಿತಾಳ. ಅದೂ ಸೀಸಾನ ಅಲ್ಲೇನ್ರಿ? ಹೊಟ್ಟ್ಯಾನ ಕೂಸಿಗೆ ಕೆಟ್ಟ ಅಂತ ಒಂದ ಚೀಟಿ ಬರದ ಕೊಡ್ರಿ ಸರ್. ನನ್ನ ಮಾತ ಅಲ್ಲಿನ ಸಾವ್ಕಾರನೂ ನಂಬಂಗಿಲ್ಲ, ಆಕೀನೂ ನಂಬಂಗಿಲ್ಲ."

"ಇದು ಇಲಿ ಮ್ಯಾಲಿನ ಸಂಶೋಧನಾ. ನಿಮಗ ವರ್ಷಕ್ಕೊಂದ ಹುಟ್ಟತಾವ, ಒಂದ ಮಂದ ಆದ್ರ ಏನಾತು? ತೊಳಿ ನಡಿ."

ಪರಸವ್ವ ತೊಳೆದಳು. ಆಮೇಲೆ ಎರಡೂ ಸಾಲಿನಿಂದ ತೊಟ್ಟಿಯಲ್ಲಿ ಈಜಿ ಪಳಗಿದ ಒಂದೊಂದು ಮರಿಯನ್ನು ತೂತು ಹೊಡೆದ ಬುತ್ತಿಡಬ್ಬಿಗೆ ಹಾಕಿಕೊಂಡು ತಿಕೋಟಾ ಬಸ್ಸು ಹತ್ತಿದಳು. ಸೀಸದ ಸಾಲಿನದರ ಬಾಲಕ್ಕೆ ನೀಲಿ ಗುರುತಿತ್ತು.

ಬ್ಯಾಟರಿ ಒಡೆಯುವ ಶೆಡ್ಡಿನಲ್ಲಿ ಹೆಂಗಸರು ಕೈ ತೊಳೆಯುವ ಟಬ್ಬಿನೊಳಗೆ ಅವಳು ಇಟ್ಟಿಗೆ ಮುಳುಗಿಸಿ, ಅದು ಕಾಣದಂತೆ ಮಣ್ಣು ಕದಡಿದಳು.

"ಬರ್ರೆವಾ, ನೋಡ್ರಿ."

"ಮುದುಕಿ ಸರ್ಕಸ್ ತಂದಾಳ!" ಎಂದು ನಗುತ್ತ ಸುತ್ತ ನೆರೆದರು.

ಮೊದಲ ಇಲಿ ತಡಕಾಡಿ ಇಟ್ಟಿಗೆ ಹತ್ತಿತು. ನೀಲಿ ಬಾಲದ್ದು ಸುತ್ತಿತು. ಇಟ್ಟಿಗೆ ಕಾಲಿಗೆ ತಾಗಿದರೂ ಬಿಟ್ಟು ಸುತ್ತಿತು. ನಗು ನಿಂತಿತು.

"ಇದಕ್ಕೇನ ಆಗೇತಿ ಅತ್ತಿ?" ವಿಶಾಖಾ ಕೇಳಿದಳು.

"ಇದೇನೂ ಕುಡದಿಲ್ಲವ್ವಾ. ಇದು ಹೊಟ್ಟ್ಯಾಗಿದ್ದಾಗ ಇದರವ್ವ ಕುಡದಿದ್ಲು. ನೀ ಒಡಿಯೂ ಸೀಸಾನ."

ಮಾಲೀಕ ಪ್ರಲ್ಹಾದ ಓಡಿಬಂದು ಟಬ್ಬನ್ನು ಒದ್ದ.

"ಹಡಬಿಟ್ಟಿ ಮುದುಕಿ! ಇಲಿ ತೋರಿಸಿ ನನ್ನ ಧಂದೆ ಮುಚ್ಚಸ್ತೀಯೇನ? ವಿಶಾಖಾ, ಇವತ್ತ ಗೇಟ ದಾಟಿದ್ರ ನಾಳಿ ಬರಬ್ಯಾಡ."

ವಿಶಾಖಾ ಸುತ್ತಿಗೆಯನ್ನು ಅವನ ಕಾಲ ಬಳಿ ಇಟ್ಟಳು.

"ನಿಮ್ಮ ಸೊಸಿನ್ನ ತಂದ ಕುಂಡ್ರಸ್ರಿ."

ಅವಳ ಹಿಂದೆ ಇನ್ನೊಂದು ಸುತ್ತಿಗೆ ನೆಲಕ್ಕೆ ಬಿತ್ತು. ಮೂರನೆಯವಳು ಬ್ಯಾಟರಿಗೆ ಎತ್ತಿದ ಸುತ್ತಿಗೆಯನ್ನು ಇಳಿಸಲೂ ಇಲ್ಲ, ಹೊಡೆಯಲೂ ಇಲ್ಲ.

ಹೊರಗೆ ಹಳೆಯ ಬ್ಯಾಟರಿ ತುಂಬಿದ ಲಾರಿ ಬಂದು ಹಾರನ್ ಹೊಡೆಯಿತು. ಪರಸವ್ವ ಸೆರಗು ಬಿಗಿದು ಗೇಟಿಗೆ ಅಡ್ಡ ಕುಳಿತಳು. ಲಾರಿ ಅವಳತ್ತ ಮುಂದೆ ಸರಿಯಿತು. ಅವಳು ಸರಿಯಲಿಲ್ಲ.