ಮ್ಯಾನೇಜರ್ ಮುಯ್ಯಿಗೆ ಬಿದ್ದದ್ದು

"ಏ ಮ್ಯಾನೇಜರ, ಸಂಡಾಸ್ ಹಂಗ ಗಬ್ಬು ನಾರಾಕತ್ತೈತಿ, ನೀ ಇಲ್ಲಿ ಕಂಪ್ಯೂಟರ್ ಮುಂದ ಕುಂತು ಯಾರ ತಿಥಿ ಕಾರ್ಡ್ ಬರಿಯಾಕತ್ತೀಯೋ? ಏಳು, ಬ್ರಷ್ ತಗೋ. ನಾಡದು ಬೆಂಗಳೂರು ಮೇಡಂ ಬರ್ತಾರ. ಅವರು ಮೊದಲ ನೋಡೂದು ನಿಮ್ಮ ಕಲೆ ಅಲ್ಲಲೇ, ಸಂಡಾಸ್."

ನಾನು ಎದ್ದೆ, ಬ್ರಷ್ ತೆಗೆದುಕೊಂಡೆ. ನಮ್ಮ ಕಲಾಕೇಂದ್ರದಲ್ಲಿ ಎರಡು ಬಗೆಯ ಬ್ರಷ್ಷುಗಳಿವೆ. ಒಂದು ಪುಂಡಿ ನಾರಿನದು, ಹಸೆ ಚಿತ್ತಾರ ಬರೆಯುವುದಕ್ಕೆ. ಅದನ್ನು ಹಿಡಿದರೆ ನನ್ನ ಕೈ ನಡುಗುತ್ತದೆ. ಇನ್ನೊಂದು ಪ್ಲಾಸ್ಟಿಕ್ಕಿನದು. ಅದರಲ್ಲಿ ನಾನು ನುರಿತ ಕಲಾವಿದ.

ಹೆಸರು ಕಿರಣ, ಊರು ಕೋಲಸಿರ್ಸಿ, ಜಾತಿಯಲ್ಲಿ ದೀವರವನು, ಓದಿದ್ದು ಬಿ.ಎ. ಸಿದ್ದಾಪುರದ ರಸ್ತೆ ಬದಿಯ ಈ ಕಲಾಕೇಂದ್ರಕ್ಕೆ ನಾನು ವ್ಯವಸ್ಥಾಪಕ. ಹಾಗೆಂದು ಟೇಬಲ್ಲಿನ ಮೇಲೆ ಒಂದು ಬೋರ್ಡಿದೆ. ಬರೆಸಿಕೊಂಡವನೂ ನಾನೇ. ಕುರ್ಚಿ ಜೋಡಿಸುವುದು, ಅತಿಥಿಗಳಿಗೆ ಶಾಲು ತರುವುದು, ಅವರು ಮರೆತುಹೋದ ಶಾಲನ್ನು ಮಡಚಿ ಮುಂದಿನ ಅತಿಥಿಗೆ ಎತ್ತಿಡುವುದು ನನ್ನ ಕೆಲಸ. ಇವುಗಳ ಜೊತೆಗೆ ಅನುದಾನಕ್ಕೆ ಅರ್ಜಿ ಬರೆಯುತ್ತೇನೆ. ಅರ್ಜಿಯಲ್ಲಿ ನಮ್ಮ ಬಡತನವನ್ನು ಎಷ್ಟು ಚೆಂದವಾಗಿ ಬರೆಯುತ್ತೇನೆಂದರೆ, ಕೆಲವು ಸಲ ಓದಿ ನನಗೇ ನನ್ನ ಮೇಲೆ ಕನಿಕರ ಬಂದಿದೆ.

ಬೈದವರು ಶಂಕ್ರಪ್ಪನವರು, ಟ್ರಸ್ಟಿನ ಅಧ್ಯಕ್ಷರು. ಬನವಾಸಿ ಕಡೆಯವರು, ಅಕ್ಕಿ ಗಿರಣಿ ಇದೆ. ಈ ಕಟ್ಟಡ ಮೊದಲು ಅವರ ಭತ್ತದ ಗೋದಾಮಾಗಿತ್ತು. ಇಲಿ ಹೆಚ್ಚಾದ ಮೇಲೆ ಅದನ್ನು ಕಲೆಗೆ ಬಿಟ್ಟುಕೊಟ್ಟರು. ಬಾಗಿಲ ಪಕ್ಕದಲ್ಲಿ ಒಂದು ಕರಿಯ ಗ್ರಾನೈಟ್ ಕಲ್ಲು ಕೂರಿಸಿ ತಮ್ಮ ಹೆಸರನ್ನು ಚಿನ್ನದ ಬಣ್ಣದಲ್ಲಿ ಕೆತ್ತಿಸಿದ್ದಾರೆ. ಆ ಕಲ್ಲನ್ನು ದಿನಾ ಒರೆಸುವುದೂ ನನ್ನ ಪಾಲಿನ ಕಲಾಸೇವೆ.

ಇಲ್ಲಿ ಕಲೆ ಅನ್ನುವುದು ಏನಾದರೂ ಇದ್ದರೆ ಅದು ನಡುವಿನ ಒಂದು ಮಣ್ಣಿನ ಗೋಡೆ. ಅದನ್ನು ಕಟ್ಟಿಸಿದವಳು ನನ್ನ ದೊಡ್ಡವ್ವ ಹೊನ್ನಿ. ನಮ್ಮಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯಬೇಕು. ಕೆಮ್ಮಣ್ಣು ಸಾರಿಸಿ, ಅಕ್ಕಿ ಅರೆದ ಬಿಳಿಯಲ್ಲಿ ಎಳೆ ಎಳೆಯಬೇಕು. ಈಗ ಊರಲ್ಲೆಲ್ಲ ಸಿಮೆಂಟಿನ ಗೋಡೆ, ಅದರ ಮೇಲೆ ಹೊಳೆಯುವ ಪೇಂಟು. ಅದಕ್ಕೆ ಕೆಮ್ಮಣ್ಣು ಹಿಡಿಯುವುದಿಲ್ಲ, ಒಣಗಿದ ಕೂಡಲೇ ಉದುರುತ್ತದೆ. ಕಳೆದ ಮದುವೆಯಲ್ಲಿ ನಮ್ಮವರು ಹಸೆಯ ಸ್ಟಿಕರ್ ತಂದು ಅಂಟಿಸಿದರು. ಅದನ್ನು ನೋಡಿ ದೊಡ್ಡವ್ವ ಊಟ ಮಾಡದೆ ಎದ್ದು ಬಂದಳು. ಮರುವಾರ ಕೇಂದ್ರಕ್ಕೆ ಬಂದು, ತಾನೇ ಮಣ್ಣು ತುಳಿದು, ಗೌಂಡಿ ಸುಭಾಷನಿಂದ ಈ ಗೋಡೆ ಎಬ್ಬಿಸಿದಳು. ಕೂಲಿ ಇಲ್ಲದ ದಿನ ಬಂದು ಇಬ್ಬರು ಹುಡುಗಿಯರಿಗೆ ಎಳೆ ಹಾಕುವುದನ್ನು ಕಲಿಸುತ್ತಾಳೆ. ಎಪ್ಪತ್ತರ ಹತ್ತಿರದ ಜೀವ. ತಾನು ಹೋದ ಮೇಲೂ ಇದು ಉಳಿಯಬೇಕು ಅನ್ನುವುದೊಂದೇ ಅವಳ ಹಟ.

ಇಷ್ಟು ತಿಳಿದೂ ನಾನು ಅರ್ಜಿಯಲ್ಲಿ ಎರಡು ಸಂಗತಿ ಬರೆದಿದ್ದೆ.

ಮೊದಲನೆಯದು ಸುಳ್ಳು: ಕೇಂದ್ರದಲ್ಲಿ ಮೂವತ್ತು ಕಲಾವಿದೆಯರು ದಿನವೂ ದುಡಿಯುತ್ತಾರೆ. ಇರುವವರು ಮೂವರು. ಆದರೆ ಇಪ್ಪತ್ತೈದಕ್ಕಿಂತ ಕಡಿಮೆ ಹಾಕಿದರೆ ಕಂಪ್ಯೂಟರಿನ ಫಾರಂ ಮುಂದಿನ ಪುಟಕ್ಕೇ ಹೋಗುತ್ತಿರಲಿಲ್ಲ. ಮೂರರ ಮುಂದೆ ಒಂದು ಸೊನ್ನೆ ಒತ್ತಿದೆ, ಸಲೀಸಾಗಿ ಹೋಯಿತು.

ಎರಡನೆಯದು ನಿಜ: ಎರಡನೇ ಕಂತಿನಲ್ಲಿ ಸಭಾಂಗಣ ವಿಸ್ತರಣೆಗಾಗಿ ಒಳಗೋಡೆ ತೆರವು. ಕೇಂದ್ರ ತನ್ನ ಕಾಲ ಮೇಲೆ ನಿಲ್ಲಬೇಕು, ಹಾಲ್ ದೊಡ್ಡದು ಮಾಡಿದರೆ ಲಗ್ನಕ್ಕೆ ಬಾಡಿಗೆ ಬಿಡಬಹುದು ಎಂದು ಶಂಕ್ರಪ್ಪನವರು ಹೇಳಿದ್ದರು. ನಾನು ಅದನ್ನು ಒಳ್ಳೆಯ ಇಂಗ್ಲಿಷಿಗೆ ತಿರುಗಿಸಿದೆ. ದೊಡ್ಡವ್ವನಿಗೆ ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ನಾಲ್ಕು ತಿಂಗಳು ತಳ್ಳಿದೆ. ಹೇಡಿಗಳಿಗೂ ಒಂದು ಟ್ರಸ್ಟ್ ಇದ್ದಿದ್ದರೆ ಅದಕ್ಕೂ ನಾನೇ ವ್ಯವಸ್ಥಾಪಕನಾಗುತ್ತಿದ್ದೆ.

ಸಂಡಾಸ್ ತೊಳೆದು, ಕೈ ಮೂಸಿ ನೋಡಿಕೊಂಡು, ಅನುದಾನ ಕೊಡುವವರ ಕಡೆಯಿಂದ ಬರುವ ಮೇಡಂಗೆ ತೋರಿಸಬೇಕಾದ ಆ ಮೂವತ್ತು ಕಲಾವಿದೆಯರನ್ನು ಹುಡುಕಲು ಊರಿನ ಗದ್ದೆಗೆ ಹೋದೆ.

ನಾಟಿಯ ಹೊತ್ತು. ಹೆಂಗಸರು ಸೊಂಟ ಬಗ್ಗಿಸಿ ಸಸಿ ಕೀಳುತ್ತಿದ್ದರು. ನಾನು ಪ್ಯಾಂಟು ಮೊಣಕಾಲಿಗೆ ಮಡಚಿ ಬದುವಿನ ಮೇಲೆ ನಿಂತೆ.

"ಎಂತಕ್ ಬಂದ್ಯಾ ತಮಾ? ಸಸಿ ಕೀಳಾಕಾ, ಫಾರಂ ತುಂಬಾಕಾ?" ದೊಡ್ಡವ್ವ ತಲೆ ಎತ್ತಲಿಲ್ಲ.

ವಿಷಯ ಹೇಳಿದೆ. ನಾಡಿದ್ದು ಒಂದು ದಿನ ಮೂವತ್ತು ಜನ ಬಂದು ಕೂತರೆ ಸಾಕು, ಕೈಯಲ್ಲಿ ಬ್ರಷ್ ಹಿಡಿದಿರಬೇಕು, ಮೇಡಂ ಫೋಟೋ ತೆಗೆದುಕೊಂಡು ಹೋಗುತ್ತಾರೆ. ದುಡ್ಡು ಬಂದರೆ ಕೇಂದ್ರ ಉಳಿಯುತ್ತದೆ ಅಂದೆ. ಗೋಡೆಯ ಮಾತು ಎತ್ತಲಿಲ್ಲ.

"ನಾಟಿ ಬಿಟ್ಟು ಬ್ರಷ್ ಹಿಡ್ಕಂಡು ಕೂರಾದಾ? ನಿನ್ನ ಬಾಯಿಗ್ ಮಣ್ ಹಾಕ. ಸಸಿ ಬಲ್ತು ಹೋದ್ರೆ ನಿನ್ನ ಮೇಡಂ ಬಂದು ನೆಡ್ತಾಳನಾ?"

"ದೊಡ್ಡವ್ವಾ, ನನ್ನ ಮರ್ಯಾದೆ ಪ್ರಶ್ನೆ."

"ಇಲ್ಲದ್ದನ್ನ ಎಲ್ಲಿಂದ ತಂದೆ?" ಅಂದವಳು ರೋಹಿಣಿ, ನನ್ನ ಜೊತೆಗೇ ಬಿ.ಎ. ಓದಿ ಈಗ ನನಗಿಂತ ಮರ್ಯಾದೆಯಿಂದ ಗದ್ದೆಯಲ್ಲಿ ದುಡಿಯುವವಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇರುವಂತಹ ಹುದ್ದೆಯೇನೂ ನನ್ನದಲ್ಲ.

ಕೊನೆಗೆ ದೊಡ್ಡವ್ವನೇ ದಾರಿ ಹೇಳಿದಳು. "ಮುಯ್ಯಾಳು ಅಂದ್ರೆ ಬತ್ರು. ಒಬ್ಬೊಬ್ಬರಿಗೂ ನೀನು ಒಂದೊಂದ್ ದಿನ ತೀರ್ಸ್‌ಬೇಕು. ಅವ್ರು ಯಾವತ್ತು ಕರೀತ್ರೋ ಅವತ್ತು, ಎಂತ ಕೆಲ್ಸ ಹೇಳ್ತ್ರೋ ಆ ಕೆಲ್ಸ. ಆತಾ?"

ಮುಯ್ಯಿ ಅಂದರೆ ನಮ್ಮಲ್ಲಿ ಆಟದ ಮಾತಲ್ಲ. ನನ್ನ ಗದ್ದೆಗೆ ನೀನು ಬಂದರೆ ನಿನ್ನ ಗದ್ದೆಗೆ ನಾನು ಬರಬೇಕು. ಕಾಗದ ಇಲ್ಲ, ಸಹಿ ಇಲ್ಲ. ತಪ್ಪಿಸಿದವನ ಮನೆಯ ಹೆಣ ಎತ್ತುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಆತು ಅಂದೆ.

"ಇಂವ ನೆಟ್ಟ ಸಸಿ ಇಂಗ್ಲಿಷಲ್ಲೇ ತೆನೆ ಬಿಡ್ತದೆ ನೋಡಿ," ಅಂದಳು ರೋಹಿಣಿ.

ಹೇಳಿದ ದಿನ ಬೆಳಿಗ್ಗೆ ಎಂಟಕ್ಕೇ ಮೂವತ್ತು ಜನ ಬಂದರು. ಮೇಡಂ ಬರುವುದು ಹನ್ನೊಂದಕ್ಕೆ. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಕೈಗೊಂದು ಬ್ರಷ್, ಮುಂದೊಂದು ರಟ್ಟಿನ ಹಾಳೆ ಕೊಟ್ಟೆ. ಅವರು ಬರುವ ತನಕ ಸುಮ್ಮನೆ ಕೂತಿರಿ ಅಂತ ಹೇಳಿ, ಇಡ್ಲಿ ತರಲು ಬಸ್‌ಸ್ಟ್ಯಾಂಡಿಗೆ ಹೋದೆ.

ತಪ್ಪು ಮಾಡಿದ್ದು ಅಲ್ಲಿಯೇ. ಮುಯ್ಯಿಗೆ ಬಂದ ಹೆಂಗಸರಿಗೆ ಸುಮ್ಮನೆ ಕೂತಿರಿ ಅಂದರೆ, ಬಂದ ಮುಯ್ಯಿ ಲೆಕ್ಕಕ್ಕಿಲ್ಲ ಅಂದ ಹಾಗೆ. ಕೆಲಸ ಮಾಡದೆ ಇನ್ನೊಬ್ಬನಿಂದ ಒಂದು ದಿನದ ದುಡಿಮೆ ತಿರುಗಿ ಕೇಳಲು ಅವರಿಗೆ ನಾಚಿಕೆ. ಇಷ್ಟನ್ನು ಆ ಊರಲ್ಲಿ ಹುಟ್ಟಿದ ನಾನು ಮರೆತಿದ್ದೆ. ಅಷ್ಟು ಜನರ ಇಡ್ಲಿ ಬೇಯುವ ತನಕ ಕಾದು, ಹತ್ತೂವರೆಗೆ ಪೊಟ್ಟಣ ಹಿಡಿದು ತಿರುಗಿ ಬರುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ದೊಡ್ಡವ್ವನ ಕೆಮ್ಮಣ್ಣಿನ ಮೂಟೆ ಬಿಚ್ಚಿ, ಕಂಡ ಗೋಡೆಗೆಲ್ಲ ಸಾರಿಸಿ ಮುಗಿಸಿದ್ದರು. ಒಳಗಿನ ಮಣ್ಣಿನ ಗೋಡೆಗೂ ಹೊಸದಾಗಿ ಸಾರಿಸಿ, ಅದರ ಮುಂದೆ ದೊಡ್ಡವ್ವ ಆಗಲೇ ಎಳೆ ಹಿಡಿದು ಕೂತಿದ್ದಳು. ಬಾಗಿಲ ಪಕ್ಕದ ಗ್ರಾನೈಟ್ ಕಲ್ಲು ಎಲ್ಲಿತ್ತು ಅನ್ನುವುದೇ ತಿಳಿಯುತ್ತಿರಲಿಲ್ಲ.

"ಕಲ್ಲೊಂದು ಕರ್ರಗೆ ಹಾಳ್ ಬಿದ್ದಿತ್ತು, ಅದ್ಕೂ ಮೆತ್ತಿದ್ವಿ," ಅಂದರು ಹೆಂಗಸರು.

ಅದೇ ಹೊತ್ತಿಗೆ ಶಂಕ್ರಪ್ಪನವರ ಕಾರು ಬಂತು. ಇಳಿದವರು ತಮ್ಮ ಹೆಸರಿದ್ದ ಜಾಗವನ್ನು ನೋಡಿದರು. ಮುಖ ಗೋಡೆಯ ಬಣ್ಣಕ್ಕೆ ತಿರುಗಿತು.

"ಯಾವ ಸೂಳೇಮಗ ಇದನ್ನ ಮಾಡಿದ್ದು? ಗದ್ದಿ ಕೆಸರಾಗ ಹೊರಳ್ಯಾಡೂ ಜಾತಿ ತಂದು ಒಳಗ ಬಿಟ್ಟರ ಇನ್ನೇನ ಆಗತೈತಿ? ಏ ಮುದುಕಿ, ಏಳ ಮ್ಯಾಲೆ. ಸೆರಗೀಲೆ ಒರಸು ಅದನ್ನ."

ದೊಡ್ಡವ್ವ ಏಳಲಿಲ್ಲ. ಎಳೆ ಅರ್ಧಕ್ಕೆ ಬಂದಿತ್ತು, ಅದನ್ನು ತುದಿ ಮುಟ್ಟಿಸಿದಳು. ನಾನು ಓಡಿಹೋಗಿ ನನ್ನ ಕರವಸ್ತ್ರದಿಂದ ಕಲ್ಲು ಒರೆಸತೊಡಗಿದೆ. ಮೂವತ್ತು ಹೆಂಗಸರು ನನ್ನನ್ನು ನೋಡುತ್ತಿದ್ದರು. ಆ ಗಳಿಗೆಯಲ್ಲಿ ನನಗೆ ಸಾಯುವಷ್ಟು ನಾಚಿಕೆಯಾಯಿತು, ಆದರೂ ಒರೆಸುವುದನ್ನು ನಿಲ್ಲಿಸಲಿಲ್ಲ. 'ಶಂಕ್ರ' ಎಂಬಲ್ಲಿಯವರೆಗೆ ಹೊರಬಂದಿತ್ತು, ಅಷ್ಟರಲ್ಲಿ ಮೇಡಂ ಬಂದರು.

ಪ್ರತಿಭಾ ಮೇಡಂ ಒಳ್ಳೆಯವರು. ಬಾಗಿಲಲ್ಲೇ ನಿಂತು "ವಾವ್" ಅಂದರು. "ಇಡೀ ಕಟ್ಟಡವನ್ನೇ ಕ್ಯಾನ್ವಾಸ್ ಮಾಡಿದ್ದೀರಿ. ತುಂಬಾ ಆರ್ಗ್ಯಾನಿಕ್ ಆಗಿದೆ ಸರ್."

"ನಮ್ಮದ ಐಡಿಯಾ ರೀ ಮೇಡಂ. ಬರ್ರಿ, ಒಳಗ ಬರ್ರಿ," ಅಂದರು ಶಂಕ್ರಪ್ಪನವರು. ನನ್ನ ಕೈಯ ಕರವಸ್ತ್ರವನ್ನು ಕಿತ್ತು ನನ್ನದೇ ಜೇಬಿಗೆ ತುರುಕಿದರು.

ಮೇಡಂ ತಲೆ ಎಣಿಸಿದರು, ಮೂವತ್ತು ಸರಿಯಾಗಿತ್ತು. ಇಡ್ಲಿ ತಿಂದರು, ಸಂಡಾಸಿಗೂ ಹೋಗಿಬಂದರು. ನನ್ನ ಎದೆ ಸ್ವಲ್ಪ ಉಬ್ಬಿತು. ಆಮೇಲೆ ಟ್ಯಾಬ್ ತೆರೆದು ಒಂದೊಂದೇ ಸಾಲು ಓದುತ್ತ ಬಂದರು.

"ಎರಡನೇ ಕಂತಿಗೆ ಕಾಮಗಾರಿ ಶುರುವಾಗಿರೋ ಫೋಟೋ ಬೇಕು ಸರ್. ಒಳಗೋಡೆ ತೆರವು ಅಂತಿದೆ. ಅದು ಯಾವ ಗೋಡೆ?"

"ಇದ ರೀ," ಶಂಕ್ರಪ್ಪನವರು ದೊಡ್ಡವ್ವನ ತಲೆಯ ಮೇಲೆ ಬೆರಳು ತೋರಿಸಿದರು. "ಗೌಂಡಿನ್ನ ಕರೆಸೇ ಇಟ್ಟೇನಿ. ಏ ಸುಭಾಷಾ, ಸುತ್ತಿಗೆ ತಗೊಂಡು ಬಾರಲೇ."

ಮೇಡಂ ಗೋಡೆಯನ್ನೂ, ಟ್ಯಾಬನ್ನೂ ನೋಡಿದರು. ಮುಖ ಸಣ್ಣಗಾಯಿತು. "ಇಷ್ಟು ಚೆನ್ನಾಗಿದೆ... ಆದ್ರೆ ಪ್ಲಾನ್ ಅಪ್ರೂವ್ ಆಗಿಬಿಟ್ಟಿದೆ. ಒಂದು ಕೆಲಸ ಮಾಡೋಣ, ಮೊದಲು ಇದನ್ನ ಚೆನ್ನಾಗಿ ಡಾಕ್ಯುಮೆಂಟ್ ಮಾಡ್ಕೊಂಡು ಆಮೇಲೆ ಒಡೆಯೋಣ. ಅಜ್ಜಿ, ಸ್ವಲ್ಪ ಈ ಕಡೆ ನೋಡಿ ನಗ್ತೀರಾ?"

ದೊಡ್ಡವ್ವ ನಗಲಿಲ್ಲ. ಬ್ರಷ್ ಕೆಳಗಿಟ್ಟು ನನ್ನನ್ನು ನೋಡಿದಳು.

"ಎಂತದಾ ಒಡಿಯಾದು?"

ನಾನು ಖಾಲಿ ಇಡ್ಲಿ ಪೊಟ್ಟಣಗಳನ್ನು ಹೆಕ್ಕತೊಡಗಿದೆ.

"ತಮಾ, ನಿನ್ನೇ ಕೇಳಿದ್ದು. ಎಂತ ಒಡಿಯಾದು?"

"ಗೋಡೆ."

"ಒಡೀರಿ ಅಂತ ಬರ್ಕೊಟ್ಟೋರ್ ಯಾರು?"

"ನಾನೇ, ದೊಡ್ಡವ್ವಾ."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ, ಬೈಸಿಕೊಳ್ಳುವುದು ನನಗೆ ಅಭ್ಯಾಸವಾದ ಕೆಲಸ. ಅವಳು ಕೈ ಊರಿ ಮೆಲ್ಲಗೆ ಎದ್ದಳು. ಬೆರಳ ತುಂಬ ಅಕ್ಕಿ ಹಿಟ್ಟು.

"ನಾಟಿ ಬಿಡ್ಸಿ ನಮ್ಮನ್ನ ಕರ್ಕಬಂದಿದ್ದು, ನಮ್ಮ ಕೈಯಾಗೇ ನಮ್ಮ ಗ್ವಾಡೆ ಒಡ್ಸಾಕೆ. ಹೌದನಾ?"

"ಹೌದು."

"ಆತು. ನಂದೊಂದ್ ದಿನದ ಮುಯ್ಯಿ ನಿನ್ನ ಮೇಲೈತೆ. ನಂಗೆ ಅದು ಇವತ್ತೇ ಬೇಕು. ಕೆಲ್ಸ ಎಂತ ಅಂದ್ರೆ, ಆ ಗ್ವಾಡೆಗೆ ಬೆನ್ನು ಕೊಟ್ಟು ನಿಲ್ಲು. ಹೊತ್ತು ಮುಳುಗಾ ತಂಕ."

ಶಂಕ್ರಪ್ಪನವರು ನಕ್ಕರು. "ಇವಾ ನಿಲ್ಲತಾನೇನಬೇ? ಇವನಿಗೆ ಬೆನ್ನೆಲುಬರ ಎಲ್ಲೈತಿ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನಗೆ ಕ್ರಾಂತಿ, ಹೋರಾಟ ಏನೂ ನೆನಪಾಗಲಿಲ್ಲ. ನೆನಪಾದದ್ದು ಕೋಲಸಿರ್ಸಿಯ ಓಣಿ, ಮುಯ್ಯಿ ತಪ್ಪಿಸಿದವನು ಎಂದು ಅಲ್ಲಿ ತಲೆ ತಗ್ಗಿಸಿ ನಡೆಯುವುದು. ಆ ಹೆದರಿಕೆ ಈ ಹೆದರಿಕೆಗಿಂತ ದೊಡ್ಡದಿತ್ತು, ಅಷ್ಟೇ. ಚಪ್ಪಲಿ ಬಿಟ್ಟು ಹೋಗಿ ನಿಂತೆ. ಹಸಿ ಕೆಮ್ಮಣ್ಣು ಅಂಗಿಯೊಳಗೆ ತಣ್ಣಗೆ ಇಳಿಯಿತು.

"ಅಯ್ಯೋ, ಅಳಿಸ್ತಿಯಲಾ ಬೇವರ್ಸಿ, ಎಳೆಗೆ ಬೆನ್ನು ತಾಗಿಸ್ಬೇಡ," ಎಂದಳು ರೋಹಿಣಿ. ನಾನು ಎರಡು ಬೆರಳಷ್ಟು ಮುಂದೆ ಜರುಗಿದೆ.

"ಸರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫ್ರೇಮಿಗೆ ಅಡ್ಡ ಬರ್ತಿದ್ದೀರಿ," ಅಂದರು ಮೇಡಂ.

"ಇಲ್ಲ ಮೇಡಂ. ಆ ಫಾರಂನಲ್ಲಿ ಮೂವತ್ತು ಅಂತ ಬರೆದಿದ್ದು ಸುಳ್ಳು. ಇಲ್ಲಿ ಬರೆಯೋರು ಮೂರೇ ಜನ. ಅವರು ಬರೆಯೋಕೆ ಇರೋದು ಇದೊಂದೇ ಗೋಡೆ."

ಇದನ್ನು ನಾನು ಗಟ್ಟಿಯಾಗಿ ಹೇಳಿದೆನೋ, ಗೊಣಗಿದೆನೋ ಗೊತ್ತಿಲ್ಲ. ಮೇಡಂ ಟ್ಯಾಬ್ ಮಡಚಿ ಎದೆಗೆ ಅವುಚಿಕೊಂಡರು. ಹೊರಗೆ ಹೋಗಿ ಫೋನಿನಲ್ಲಿ ಯಾರನ್ನೋ ಕರೆಯತೊಡಗಿದರು.

"ನಾಳಿಂದ ನೀ ಈ ಕಡೆ ಬಂದ್ರ ಕಾಲು ಮುರಿಸ್ತೇನಿ," ಶಂಕ್ರಪ್ಪನವರ ದನಿ ಈಗ ಸಣ್ಣದಾಗಿತ್ತು. ಆ ಸಣ್ಣ ದನಿಗೆ ನಾನು ಹೆಚ್ಚು ಹೆದರಿದೆ.

"ಬತ್ತಾನೆ," ಅಂದಳು ರೋಹಿಣಿ. "ನಾಳೆ ನನ್ನ ಮುಯ್ಯಿ. ಕೆಲ್ಸ ಇದೇ."

"ನಾಡಿದ್ದು ನಂದು," ಅಂತ ಹಿಂದಿನಿಂದ ಇನ್ನೊಬ್ಬಳು.

"ಸುಭಾಷಾ, ಹೊಡಿಯೋ. ಅಂವ ನಿಂತಿರಲಿ, ನೀ ಹೊಡಿ."

ಸುಭಾಷ ಸುತ್ತಿಗೆ ಹೆಗಲಿಗೇರಿಸಿ ನನ್ನ ಮುಂದೆ ಬಂದು ನಿಂತ. ಈ ಗೋಡೆ ಎಬ್ಬಿಸಿದ್ದೂ ಅವನೇ. ಬೆವರು ಅವನ ಹುಬ್ಬಿನಿಂದ ಇಳಿಯುತ್ತಿತ್ತು. "ಕಿರಣಣ್ಣಾ, ಸರೀರಿ. ನಂದೂ ಹೊಟ್ಟಿಪಾಡು," ಎಂದ, ನನಗೆ ಮಾತ್ರ ಕೇಳುವ ಹಾಗೆ.

ನಾನು ಸರಿಯಲಿಲ್ಲ. ಇದನ್ನು ಯಾರೂ ಧೈರ್ಯ ಅಂತ ಬರೆದುಕೊಳ್ಳಬಾರದು. ಸುಭಾಷ ಸುತ್ತಿಗೆ ಎತ್ತಿದ. ನನ್ನ ಪಕ್ಕದಲ್ಲಿ ದೊಡ್ಡವ್ವ ಮತ್ತೆ ನೆಲಕ್ಕೆ ಕೂತು, ಬಟ್ಟಲಿಗೆ ಬ್ರಷ್ ಅದ್ದಿ, ಮುಂದಿನ ಎಳೆ ಎಳೆಯತೊಡಗಿದಳು.